ಜಪಾನ್‌ನಲ್ಲಿ ಸಂಬಳ 30 ವರ್ಷ ಯಾಕೆ ಏರ್ಲಿಲ್ಲ?

ಹಾಸನ್_ಹೈದ: ಟೊಯೋಟಾ, ಸೋನಿ ಎಲ್ಲಾ ಇರೋ ದೇಶ, ನಿರುದ್ಯೋಗನೂ ಕಮ್ಮಿ, ಆದ್ರೂ 90ರ ದಶಕದಿಂದ ಸರಾಸರಿ ಸಂಬಳ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತಂತೆ, ಹೆಂಗೆ ಗುರು?

ಟೋಕಿಯೋವಾಸಿ: 1990ರ ಸುಮಾರಿಗೆ ಷೇರು, ಜಮೀನು ರೇಟು ಎಲ್ಲಾ ಮಕಾಡೆ ಮಲಗ್ತು, ಕಂಪನಿಗಳು ಪರ್ಮನೆಂಟ್ ನೌಕರರನ್ನ ತೆಗೆಯೋಕೆ ಹಿಂದೇಟು ಹಾಕಿ ಹೊಸಬರನ್ನ ಕಾಂಟ್ರಾಕ್ಟ್, ಪಾರ್ಟ್‌ಟೈಮ್ ಅಂತ ತಗೊಂಡ್ವು. ಒಟ್ಟು ನೌಕರರಲ್ಲಿ ಆಗ 20% ಹತ್ರ ಇದ್ದ ಅಂಥವ್ರು ಈಗ 37% ಹತ್ರ, ಅವ್ರಿಗೆ ಸಂಬಳನೂ ಕಮ್ಮಿ. ಇನ್ನು ಸರಾಸರಿ ಎಲ್ಲಿಂದ ಏರ್ಬೇಕು ಹೇಳಿ.

ರಾಗಿಮುದ್ದೆ: ಯೂನಿಯನ್‌ಗಳೂ ಕೆಲ್ಸ ಉಳಿದ್ರೆ ಸಾಕು ಅಂತ ಗಟ್ಟಿಯಾಗಿ ಕೇಳ್ಲೇ ಇಲ್ಲ, ಬೆಲೆನೂ ಏರದೆ ಇದ್ದಿದ್ರಿಂದ ಜನಕ್ಕೆ ಬಿಸಿ ತಟ್ಲಿಲ್ಲ. ಹಣದುಬ್ಬರ ಬಂದು, ಆಳು ಸಿಗೋದೇ ಕಷ್ಟ ಆದ್ಮೇಲೆ 2024ರ ‘ಶುಂತೊ’ (ಪ್ರತಿ ವರ್ಷ ಯೂನಿಯನ್, ಕಂಪನಿಗಳು ಸಂಬಳದ ಬಗ್ಗೆ ನಡೆಸೋ) ಮಾತುಕತೆಲಿ 5% ಮೇಲೆ ಹೈಕ್ ಸಿಕ್ತು, 33 ವರ್ಷದಲ್ಲೇ ಜಾಸ್ತಿ.

ಹಾಸನ್_ಹೈದ: ಅದು ದೊಡ್ಡ ಕಂಪನಿಯವ್ರಿಗೆ ತಾನೆ?

ಟೋಕಿಯೋವಾಸಿ: ಹೂಂ, ಸಣ್ಣ ಕಂಪನಿಲಿ ಅಷ್ಟು ಸಿಕ್ಕಿಲ್ಲ.