ಪಕ್ಕದ ಮನೆ ಬೆಲ್ ಒತ್ತಿದರೆ ತಪ್ಪಾ?

ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನವೆಂಬರ್ 25ರ ರಾತ್ರಿ ನಡೆದ ಮಾತು. ಪುಟ್ಟಿ ನನ್ನ ಅಕ್ಕನ ಮಗಳು, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ದೊಡ್ಡಣ್ಣ, ಅತ್ತಿಗೆ ಇರುವುದು ಮಂಡ್ಯದಲ್ಲಿ.

ಪುಟ್ಟಿ: (ಫೋಟೊ) ಇವತ್ತಿನಿಂದ ಡಿಸೆಂಬರ್ 10ರವರೆಗೆ 16 ದಿನ, ಹೆಣ್ಣುಮಕ್ಕಳ ಮೇಲಿನ ಹಿಂಸೆ ನಿಲ್ಲಿಸಿ ಅಂತ ಎಷ್ಟೋ ದೇಶಗಳಲ್ಲಿ ಕೆಲಸ ನಡೆಯುತ್ತದೆ. ನಮ್ಮ ವಿಶ್ವವಿದ್ಯಾಲಯ ಮಾನಸಗಂಗೋತ್ರಿಯ ನಾವು ಐದು ಜನ, ಟಾಂಜಾನಿಯಾದ ಇಬ್ಬರು ಕ್ಲಾಸ್‌ಮೇಟ್ಸ್, ಗೋಕುಲಂಗೆ ಯೋಗ ಕಲಿಯಲು ಬಂದಿರುವ ರಷ್ಯಾದ ಹುಡುಗಿ ಸೇರಿ ಈ ಪೋಸ್ಟರ್ ಮಾಡಿದೆವು. "ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿಸಿತಾ? ಬೆಲ್ ಒತ್ತಿ. ಒಂದು ಲೋಟ ಹಾಲು ಕೇಳಿ." ಎಲ್ಲರಿಗೂ ಕಳಿಸಿ, ಪ್ಲೀಸ್.

ದೊಡ್ಡಣ್ಣ: ಓದುವ ಕಡೆ ಗಮನ ಕೊಡಮ್ಮ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಹೊರಗಿನವರು ತಲೆ ಹಾಕಿದರೆ ಸಂಸಾರ ಒಡೆಯುತ್ತದೆ. ಇದೆಲ್ಲ ಫಾರಿನ್‌ನವರದು. ನಮ್ಮ ಕಡೆ ಹೆಣ್ಣನ್ನು ಲಕ್ಷ್ಮಿ ಅನ್ನುತ್ತಾರೆ.

ತಮ್ಮ: ಅಣ್ಣ, ಹಾಗನ್ನಬೇಡಿ. 2023ರಲ್ಲಿ ಹೊಟ್ಟೆಯಲ್ಲಿರುವುದು ಗಂಡಾ ಹೆಣ್ಣಾ ಅಂತ ಸ್ಕ್ಯಾನ್ ಮಾಡುತ್ತಿದ್ದದ್ದು ಸಿಕ್ಕಿಬಿದ್ದದ್ದು ನಮ್ಮ ಮಂಡ್ಯದ ಆಲೆಮನೆಯಲ್ಲೇ ಅಲ್ವಾ? ಬೆಲ್ಲ ಬೇಯಿಸುವ ಜಾಗದಲ್ಲಿ!

ಪುಟ್ಟಿ: ಮಾವ, ಮೊದಲ ದಿನ ನಾನು ಅವರಿಗೆಲ್ಲ ಹೇಳಿದ್ದು ಇದೇ ಗಾದೆ. ರಷ್ಯಾದವಳು ತಕ್ಷಣ "ನಮ್ಮಲ್ಲೂ ಒಂದಿದೆ" ಅಂದಳು. "ಹೊಡೆಯುತ್ತಾನೆ ಅಂದರೆ ಪ್ರೀತಿ ಇದೆ ಅಂತ." ಟಾಂಜಾನಿಯಾದವನು ತಮ್ಮಜ್ಜಿಯೂ ಮನೆ ಮಾತು ಹೊರಗೆ ಹೋಗಬಾರದು ಅನ್ನುತ್ತಾರೆ ಅಂದ. ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ನಾನು: ಅಣ್ಣ, ಬೆಲ್ ಒತ್ತುವ ಉಪಾಯ ಫಾರಿನ್‌ನದ್ದಲ್ಲ. 2008ರಲ್ಲಿ ನಮ್ಮ ದೇಶದಲ್ಲೇ "ಬೆಲ್ ಬಜಾವೋ" ಅಂತ ಶುರುವಾದದ್ದು. ಬೇರೆ ದೇಶದವರು ನಮ್ಮಿಂದ ಕಲಿತರು. ಈ ದಿನ ಮಾತ್ರ ಹೊರಗಿನದು, ನಿಜ. 1960ರಲ್ಲಿ ಇದೇ ದಿನ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿಯ ಕಡೆಯವರು ಮಿರಾಬಾಲ್ ಮನೆತನದ ಮೂವರು ಅಕ್ಕತಂಗಿಯರನ್ನು ಕೊಂದರು. ಅವರ ನೆನಪಿಗೇ ಈ ದಿನ. ಅವರಿಗಾಗಿ ಅತ್ತರೆ ನಮ್ಮ ಮಾನ ಹೋಗುತ್ತಾ? ಇನ್ನು ನಮ್ಮ ಕಡೆಯ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಆಗಿದೆ ಅಂದಿದ್ದಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21ರ ಹತ್ತಿರ ಇತ್ತು.

ದೊಡ್ಡಣ್ಣ: ಸುಳ್ಳು ಕೇಸ್ ಹಾಕುವವರೂ ಇದ್ದಾರೆ. ಅದರ ಲೆಕ್ಕ ಯಾರೂ ಹಾಕುವುದಿಲ್ಲ.

ತಮ್ಮ: ಬೆಲ್ ಒತ್ತುವುದು ಕೇಸ್ ಅಲ್ಲ ಅಣ್ಣ.

ದೊಡ್ಡಣ್ಣ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತಿಗೆ: ಇವರು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಹಳೇ ಬಾಡಿಗೆ ಮನೆಯಲ್ಲಿದ್ದಾಗ ಗೋಡೆಯಾಚೆ ಒಬ್ಬ ಹುಡುಗಿ ಇದ್ದಳು. ಹೊಸದಾಗಿ ಮದುವೆ ಆಗಿತ್ತು. ರಾತ್ರಿ ಹತ್ತಾದರೆ ಸ್ಟೀಲ್ ಚೊಂಬು ನೆಲಕ್ಕೆ ಬೀಳುವ ಸದ್ದು. ಆಮೇಲೆ ಅವಳ ದನಿ. ಆಮೇಲೆ ಏನೂ ಇಲ್ಲ. ನನಗೆ ಜಾಸ್ತಿ ಭಯ ಆಗುತ್ತಿದ್ದದ್ದು ಆಗಲೇ. ಒಂದು ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಬಿಡುತ್ತಿದ್ದಳು. ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದಿದ್ದಳು. ಎಡಗೈಯಲ್ಲಿ ಎಳೆ ಬಿಡುತ್ತಿದ್ದಳು, ಸೊಟ್ಟ ಸೊಟ್ಟ ಬರುತ್ತಿತ್ತು. ಬಲಗೈ ಊದಿಕೊಂಡಿತ್ತು. ನಾನು "ತಿಂಡಿ ಆಯ್ತಾ?" ಅಂದೆ. ಅಷ್ಟೇ ಕೇಳಿದ್ದು. ರಾತ್ರಿ ನಾವು ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದೆವು. ರಿಮೋಟ್ ನನ್ನ ಕೈಯಲ್ಲೇ ಇರುತ್ತಿತ್ತು. ಆಮೇಲೆ ಅವರು ಮನೆ ಖಾಲಿ ಮಾಡಿದರು. ಅವಳು ಒಂದು ದಿನವಾದರೂ ಉಂಡು ಮಲಗಿದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಣ್ಣ: ಹಾಲು ಕೇಳಲು ಹೋದವನಿಗೇ ಅವನು ಹೊಡೆದರೆ?

ಪುಟ್ಟಿ: ಒಬ್ಬರೇ ಹೋಗಬೇಡಿ ಮಾವ. ಪಕ್ಕದವರನ್ನು ಕರೆದುಕೊಂಡು ಹೋಗಿ. ಬೆಲ್ ಒತ್ತಿದರೆ ಆ ಗಳಿಗೆಗೆ ಕೈ ನಿಲ್ಲುತ್ತದೆ, ಹೊರಗೆ ಜನ ಇದ್ದಾರೆ ಅಂತ ಅವನಿಗೂ ಗೊತ್ತಾಗುತ್ತದೆ. ಜೋರಾಗಿದ್ದರೆ ಬಾಗಿಲಿಗೆ ಹೋಗಲೇಬೇಡಿ, 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

ನಾನು: ಅಣ್ಣ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅಕ್ಕಪಕ್ಕದವರೂ ಇದಕ್ಕೆಂದೇ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಅಂತ ಇದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಬರುವುದಿಲ್ಲ.

ಅತ್ತಿಗೆ: ಪುಟ್ಟಿ, ಪೋಸ್ಟರ್‌ನಲ್ಲಿ 181 ತುಂಬಾ ಸಣ್ಣದಾಗಿದೆ. ದೊಡ್ಡದಾಗಿ ಬರೆದು ಕಳಿಸಮ್ಮ. ನಾಳೆ ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿಗೆ ಹಾಕುತ್ತೇನೆ.