ಪದಚರ್ಚೆ: ಎಂಟು ಡಿಸ್ಕಿನ ಪೆಟ್ಟಿಗೆಯಲ್ಲಿ ‘ಬೇ’ಗೆ ಏನನ್ನೋಣ?

ವಿಷಯ: ಡ್ರೈವ್ ಬೇ, ಹಾಟ್ ಸ್ವಾಪ್ ಇತ್ಯಾದಿ (ಇವತ್ತೇ ಬೇಕು)

ನಮಸ್ಕಾರ.

ಮನೆಯಲ್ಲಿಟ್ಟುಕೊಳ್ಳುವ ಪುಟ್ಟ ಸ್ಟೋರೇಜ್ ಸರ್ವರ್ ಕಟ್ಟುವ ಕೈಪಿಡಿಯ ಅನುವಾದ ಮುಗಿಯಿತು. ಮಿನಿ ಐಟಿಎಕ್ಸ್ ಎಂಬ ಪುಟ್ಟ ಮದರ್‌ಬೋರ್ಡು, ತಲಾ 8 ಟೆರಾಬೈಟಿನ ಎಂಟು ಡಿಸ್ಕು. ಏಳು ಸೇರಿ, ಡಿಸ್ಕುಗಳನ್ನು ಒಟ್ಟುಗೂಡಿಸುವ ಕಡತ ವ್ಯವಸ್ಥೆ ಜಡ್‌ಎಫ್‌ಎಸ್‌ನ ರೇಯ್ಡ್‌ಜಡ್-2 (ಎರಡು ಡಿಸ್ಕ್ ಕೆಟ್ಟರೂ ತಾಳುವ ಜೋಡಣೆ), ಎಂಟನೆಯದು ಹಾಟ್ ಸ್ಪೇರ್, ಅಂದರೆ ಒಂದು ಕೆಟ್ಟರೆ ಆ ಜಾಗ ತುಂಬಲು ಸಿದ್ಧವಾಗಿ ಕೂತ ಬದಲಿ. ಬಾಕಿ ಇರುವುದು ಪೆಟ್ಟಿಗೆಯ ಮುಂದೆ ಅಂಟಿಸುವ ಚೀಟಿ ಮಾತ್ರ. ಸಂಜೆಗೆ ಅಚ್ಚಿಗೆ ಹೋಗಬೇಕು. 10 ಸೆಂ.ಮೀ. ಅಗಲ, ನಾಲ್ಕೈದು ಸಾಲು, ಅಷ್ಟೇ ಜಾಗ.

ಸಿಕ್ಕಿಕೊಂಡಿರುವ ಪದಗಳು: ಡ್ರೈವ್ ಬೇ (ಡಿಸ್ಕ್ ಕೂರುವ ಜಾಗ), ಹಾಟ್ ಸ್ವಾಪ್ (ಯಂತ್ರ ಚಾಲೂ ಇರುವಾಗಲೇ ಡಿಸ್ಕ್ ಬದಲಿಸುವುದು), ಹಾಟ್ ಸ್ಪೇರ್, ರೀಸಿಲ್ವರ್ (ಕಳೆದ ಮಾಹಿತಿಯನ್ನು ಹೊಸ ಡಿಸ್ಕಿಗೆ ಮತ್ತೆ ತುಂಬುವುದು). ಮೊದಲನೆಯದಕ್ಕೆ ಅನುವಾದ ಯಂತ್ರ ‘ಚಾಲನಾ ಕೊಲ್ಲಿ’ ಅಂತ ಕೊಟ್ಟಿತು, ಎರಡನೆಯದಕ್ಕೆ ‘ಬಿಸಿ ವಿನಿಮಯ’.

ಚೀಟಿ ಓದುವವರು ಪೆಟ್ಟಿಗೆ ಕಟ್ಟಿದವರೇ ಆಗಿರಬೇಕಿಲ್ಲ, ಮನೆಯಲ್ಲಿ ಯಾರೂ ಆಗಬಹುದು. ಒಂದು ಡಿಸ್ಕ್ ಕೈಕೊಟ್ಟಾಗ ಅದನ್ನು, ಅದೊಂದನ್ನೇ, ಹೊರಗೆ ತೆಗೆಯಬೇಕು. ಜಡ್-2ರಲ್ಲಿ ಎರಡು ಹೋದರೂ ಕಡತಗಳು ಉಳಿಯುತ್ತವೆ. ಹಾಗೆ ಎರಡು ಹೋಗಿರುವಾಗ ಚೆನ್ನಾಗಿರುವ ಇನ್ನೊಂದನ್ನು ತಪ್ಪಿ ಎಳೆದರೆ ಇಡೀ ಪೂಲ್ (ಡಿಸ್ಕುಗಳ ಒಟ್ಟು ಗುಂಪು) ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಡಿಸ್ಕಿಗೂ ಅದು ಕೂರುವ ಜಾಗಕ್ಕೂ ಒಂದೇ ಪದ ಆಗಬಾರದು.

----

> ಡ್ರೈವ್ ಬೇ

‘ಬೇ’ ಅಂತಲೇ ಬಿಡಿ ಅನ್ನುವವನಿದ್ದೆ. ವಿಭಕ್ತಿ ಹಚ್ಚಿದರೆ ಕೆಡುತ್ತದೆ. ‘ಡಿಸ್ಕ್ ಬೇಯಲ್ಲಿರಲಿ’ ಅನ್ನುವುದರಲ್ಲಿ ಎರಡಕ್ಷರ ಹಾರಿದರೆ ‘ಡಿಸ್ಕ್ ಬೇಯಲಿ’. 3.5 ಇಂಚಿನ ಡಿಸ್ಕಿನ ದಪ್ಪ 26.1 ಮಿ.ಮೀ. ಜಾಗ ಉಳಿಸುವ ಆಸೆಗೆ ಒಂದಕ್ಕೊಂದು ತಾಗಿಸಿ ಜೋಡಿಸಿದರೆ ನಡುವೆ ಗಾಳಿ ಆಡದೆ ಮಧ್ಯದವು 50 ಡಿಗ್ರಿ ದಾಟಿ ನಿಜವಾಗಿಯೂ ಬೇಯುತ್ತವೆ. ಮೂರ್ನಾಲ್ಕು ಮಿ.ಮೀ. ಸಂದು ಬಿಡಲೇಬೇಕು, ಫ್ಯಾನಿನ ಗಾಳಿ ಆ ಸಂದಿನ ಮೂಲಕವೇ ಹೋಗಬೇಕು. ಸುತ್ತ ತೂತಿದ್ದರೆ ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಡಿಸ್ಕನ್ನು ಮುಟ್ಟುವುದೇ ಇಲ್ಲ. ಕೈಪಿಡಿಯಲ್ಲಿ ಇದಿಲ್ಲದಿದ್ದರೆ ಸೇರಿಸಿ.

ಪದ ಬೇರೆಯವರು ಹೇಳಲಿ.

----

ಅಂಕಣ. ಬೇರೆ ಹುಡುಕುವುದೇ ಬೇಡ.

ಇಂಗ್ಲಿಷಿನ ಈ ‘ಬೇ’ಗೂ ಕಡಲಿನ ಕೊಲ್ಲಿಗೂ ಸಂಬಂಧವಿಲ್ಲ. ಇದು ಕಟ್ಟಡದ ಮಾತು: ಎರಡು ಕಂಬಗಳ ನಡುವಿನ ತೆರಪು. ಮೂಲ ಹಳೆಯ ಫ್ರೆಂಚಿನ ‘ಬಾಯ್ದೆರೆ’ ಎಂಬರ್ಥದ ಧಾತು. ನಮ್ಮಲ್ಲಿ ಅದಕ್ಕೆ ತಲೆತಲಾಂತರದಿಂದ ಪದವಿದೆ. ಮೂರಂಕಣದ ಮನೆ, ಐದಂಕಣದ ಮನೆ ಅನ್ನುವುದಿಲ್ಲವೇ? ತೊಲೆಯಿಂದ ತೊಲೆಗೆ, ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಡಿಸ್ಕ್ ಪಂಜರವೂ ಅದೇ: ಎರಡು ಲೋಹದ ಪಟ್ಟಿ, ನಡುವೆ ತೆರಪು. ಎಂಟಂಕಣದ ಪೆಟ್ಟಿಗೆ. ಕೇಳಲಿಕ್ಕೂ ಎಷ್ಟು ಚೆಂದ. ಪತ್ರಿಕೆಯವರು ಕಾಲಮ್ಮಿಗೆ ಅಂಕಣ ಅಂದದ್ದೂ ಇದೇ ಹೋಲಿಕೆಯಿಂದ, ಎರಡು ಗೆರೆಗಳ ನಡುವಿನ ಜಾಗ ಅಂತ. ಬೇರು ಒಂದೇ, ಕೊಂಬೆ ಎರಡು.

----

> ಬೇರು ಒಂದೇ, ಕೊಂಬೆ ಎರಡು.

ಆ ಎರಡನೇ ಕೊಂಬೆಯೇ ತೊಂದರೆ ಸ್ವಾಮಿ. ಇಂಥ ಪೆಟ್ಟಿಗೆಗಳಲ್ಲಿ ಎಂಟೂ ಒಂದೇ ಸಾಲಿನಲ್ಲಿ ಇರುವುದು ಅಪರೂಪ. ಮೇಲೆ ನಾಲ್ಕು, ಕೆಳಗೆ ನಾಲ್ಕು ಇರುತ್ತವೆ. ‘3ನೇ ಅಂಕಣದ ಡಿಸ್ಕ್ ತೆಗೆಯಿರಿ’ ಅಂದರೆ ಇವತ್ತಿನ ಓದುಗ ಮೂರನೇ ಕಾಲಮ್ ಅಂದುಕೊಳ್ಳುತ್ತಾನೆ. ಅಲ್ಲಿ ಮೇಲೊಂದು ಕೆಳಗೊಂದು ಎರಡು ಡಿಸ್ಕ್ ಇವೆ. ಯಾವುದನ್ನು ಎಳೆಯುತ್ತಾನೆ? ನಿಮ್ಮ ನಿರುಕ್ತ ಸರಿ, ಚೀಟಿ ತಪ್ಪು.

ಖಾನೆ ಅನ್ನಿ. ಮೇಜಿಗೆ ಖಾನೆ, ಅಲಮಾರಿಗೆ ಖಾನೆ, ಇದಕ್ಕೂ ಖಾನೆ. ಎಲ್ಲರಿಗೂ ಗೊತ್ತು.

----

ಕಾನೆ ಪಾರ್ಸಿಯದು. ‘ಗೂಡು’ ಎಂಬ ನಮ್ಮದೇ ಪದವಿರುವಾಗ ಇನ್ನೊಬ್ಬರ ಮನೆ ಯಾಕೆ? ಗೋಡೆಯಲ್ಲಿ ದೀಪ ಇಡುವ ಗೂಡು, ಹಕ್ಕಿಗೂಡು. ಒಂದು ಗೂಡಿಗೆ ಒಂದು ಡಿಸ್ಕು. ಚಿಕ್ಕ ಪದ, ಮಹಾಪ್ರಾಣವಿಲ್ಲ, ಗೂಡಿನಲ್ಲಿ, ಗೂಡಿಗೆ, ಗೂಡಿನಿಂದ ಅಂತ ಎಲ್ಲ ಉರುಪುಗಳೂ ಸಲೀಸು. ಡಿಸ್ಕನ್ನೂ ‘ಗಟ್ಟಿತಟ್ಟೆ’ ಅಂದರೆ ಪೂರ್ತಿ ಕನ್ನಡವಾಯಿತು.

----

> ಗಟ್ಟಿತಟ್ಟೆ

ಆಗದು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ಪ್ಲ್ಯಾಟರಿಗೆ ತಟ್ಟೆ ಬೇಕು. ಒಂದು ಡಿಸ್ಕಿನಲ್ಲಿ ಅಂಥವು ಹಲವು. ‘ಗಟ್ಟಿತಟ್ಟೆಯೊಳಗೆ ಆರು ತಟ್ಟೆ’ ಅಂತ ಬರೆಯುವವರು ಬರೆದುಕೊಳ್ಳಲಿ.

> ಕಾನೆ ಪಾರ್ಸಿಯದು

‘ದೀಪ’ ಸಂಸ್ಕೃತದ್ದು. ಅದನ್ನು ಗೂಡಿನಲ್ಲಿ ಇಡಬಹುದು, ಪಾರ್ಸಿಯನ್ನು ಇಡಬಾರದೋ? ಅಲಮಾರು, ಚಾವಿ ಎರಡೂ ಪೋರ್ಚುಗೀಸರು ಬಿಟ್ಟುಹೋದವು. ಅವನ್ನು ವಾಪಸು ಕೊಡೋಣವೇ?

----

ಜಗಳ ಆಮೇಲೆ ಆಡಿ, ಮೊದಲು ಕೇಳಿದವರಿಗೆ ಉತ್ತರ ಕೊಡಿ.

ಹಾಟ್ ಸ್ವಾಪ್: ಪದ ಬೇಡ, ವಾಕ್ಯ ಬರೆಯಿರಿ. ‘ಯಂತ್ರ ಚಾಲೂ ಇರುವಾಗಲೇ ಡಿಸ್ಕ್ ಬದಲಿಸಬಹುದು.’ ಆದರೆ ಅದು ನಿಜವೇ ಅಂತ ಮೊದಲು ನೋಡಿಕೊಳ್ಳಿ. ಡಿಸ್ಕ್ ಜೋಡಿಸುವ ಸಾಟಾದ ಪವರ್ ಕನೆಕ್ಟರಿನಲ್ಲಿ ಗ್ರೌಂಡ್ ಪಿನ್ನು ಉಳಿದವುಗಳಿಗಿಂತ ಮೊದಲು ತಾಗುವ ಹಾಗೆ ಮಾಡಿರುತ್ತಾರೆ. ಚಾಲೂ ಇರುವಾಗ ಕಿತ್ತು ಹಾಕುವುದಕ್ಕೇ ಆ ಏರ್ಪಾಡು. ಅಷ್ಟಿದ್ದರೂ ಬೋರ್ಡಿನ ಬಯಾಸ್‌ನಲ್ಲಿ ಆಯಾ ಪೋರ್ಟಿಗೆ ಹಾಟ್ ಪ್ಲಗ್ ಆನ್ ಮಾಡದಿದ್ದರೆ ಹೊಸ ಡಿಸ್ಕ್ ಕಾಣದೇ ಹೋಗಬಹುದು. ತೆಗೆಯುವ ಕ್ರಮವನ್ನೂ ಬರೆಯಿರಿ: ಎರಡು ಸೆಂ.ಮೀ. ಈಚೆ ಎಳೆದು, ಅರ್ಧ ನಿಮಿಷ ಬಿಟ್ಟು, ಆಮೇಲೆ ಪೂರ್ತಿ ಹೊರಗೆ. ಒಳಗೆ ತಟ್ಟೆಗಳು ಇನ್ನೂ ತಿರುಗುತ್ತಿರುವಾಗ ಕೈಯಲ್ಲಿ ಹಿಡಿದು ಓರೆ ಮಾಡಬಾರದು.

ಹಾಟ್ ಸ್ಪೇರ್: ‘ಕಾದ ಬದಲಿ’. ಕಾಯುವುದು ಅಂದರೆ ಬಿಸಿಯಾಗುವುದೂ ಹೌದು, ಎದುರುನೋಡುವುದೂ ಹೌದು. ಕಾದ ಎಣ್ಣೆ, ಕಾದು ಕುಳಿತ ಜನ. ಇದು ಎರಡೂ. ಇಂಗ್ಲಿಷಿನವರಿಗೇ ಈ ಭಾಗ್ಯ ಇಲ್ಲ.

ರೀಸಿಲ್ವರ್: ‘ಕಲಾಯಿ’! ಕನ್ನಡಿಯ ಹಿಂದಿನ ಲೇಪ ಹೋದರೆ ಮತ್ತೆ ಬಳಿಯುವುದು ಅನ್ನುವ ರೂಪಕವೇ ಇಂಗ್ಲಿಷಿನಲ್ಲೂ ಇರುವುದು, ಜೋಡಿ ಡಿಸ್ಕಿಗೆ ‘ಮಿರರ್’ ಅನ್ನುತ್ತಿದ್ದರಿಂದ. ಹಳೆಯ ಕನ್ನಡಿಗಳಿಗೆ ಬೆಳ್ಳಿಯನ್ನಲ್ಲ, ತವರ ಮತ್ತು ಪಾದರಸದ ಮಿಶ್ರಣವನ್ನು ಬಳಿಯುತ್ತಿದ್ದರು. ತವರದ ಲೇಪವೇ ಕಲಾಯಿ. ಅಂದರೆ ನಮ್ಮ ಪದ ಅವರ ಪದಕ್ಕಿಂತ ಒಂದು ಹೆಜ್ಜೆ ಹಳೆಯದು, ಹೆಚ್ಚು ಸರಿ.

----

ಕಲಾಯಿ ಅರಬ್ಬಿಯದು. ಗೂಡಿಗೆ ಪಾರ್ಸಿ ತಂದಿರಿ, ಈಗ ಅರಬ್ಬಿ. ‘ಮರುತುಂಬು’ ಅನ್ನಲು ನಾಲಿಗೆ ಯಾಕೆ ಹೊರಳುವುದಿಲ್ಲ?

----

ಇಷ್ಟು ಹೊತ್ತಿನಲ್ಲಿ ಮೊದಲ ಸಲ ನಿಮ್ಮ ಮಾತು ಒಪ್ಪುತ್ತೇನೆ, ಕಾರಣ ಮಾತ್ರ ಬೇರೆ. ರೇಯ್ಡ್‌ಜಡ್ ಕನ್ನಡಿಯೇ ಅಲ್ಲ. ಅಲ್ಲಿ ಪ್ರತಿ ಇರುವುದಿಲ್ಲ, ಉಳಿದ ಡಿಸ್ಕುಗಳನ್ನೆಲ್ಲ ಓದಿ, ಲೆಕ್ಕ ಹಾಕಿ, ಕಳೆದದ್ದನ್ನು ಮತ್ತೆ ಹುಟ್ಟಿಸಬೇಕು. ಅದಕ್ಕೆಂದು ಜೊತೆಗಿಡುವ ಹೆಚ್ಚುವರಿ ಲೆಕ್ಕವೇ ಪ್ಯಾರಿಟಿ. ಒಂಟಿ ಪ್ಯಾರಿಟಿಯನ್ನೇ ತೆಗೆದುಕೊಳ್ಳಿ. ಮೂರು ಡಿಸ್ಕಿನಲ್ಲಿ 1, 1, 0 ಇದೆ. 1ಗಳ ಎಣಿಕೆ ಸರಿಸಂಖ್ಯೆ, ಹಾಗಾಗಿ ಪ್ಯಾರಿಟಿ 0. ಎರಡನೆಯದು ಹೋಯಿತು. ಉಳಿದದ್ದು 1, 0, ಪ್ಯಾರಿಟಿಯ 0. ಎಣಿಕೆ ಬೆಸವಾಯಿತು, ಹಾಗಾದರೆ ಹೋದದ್ದು 1. ಇದಕ್ಕೆ ‘ಸರಿಬೆಸ’ ಅನ್ನಬಹುದು. ಆದರೆ ಜಡ್-2ರ ಎರಡನೇ ಪ್ಯಾರಿಟಿ ಸರಿಬೆಸದ ಲೆಕ್ಕವಲ್ಲ, ಅದು ರೀಡ್-ಸಾಲೊಮನ್ ಬಗೆಯ ಬೀಜಗಣಿತ. ಹಾಗಾಗಿ ಕೈಪಿಡಿಯಲ್ಲಿ ‘ಪ್ಯಾರಿಟಿ’ಯನ್ನು ಹಾಗೇ ಬಿಡಿ.

ಚೀಟಿಗೆ ‘ಮರುತುಂಬುತ್ತಿದೆ’ ಸಾಕು, ಎಷ್ಟು ಹೊತ್ತು ಅನ್ನುವುದು ಮುಖ್ಯ. ಸೆಕೆಂಡಿಗೆ 150 ಮೆಗಾಬೈಟ್ ಒಂದೇ ಸಮನೆ ಬರೆದರೂ ತುಂಬಿದ 8 ಟೆರಾಬೈಟಿನ ಡಿಸ್ಕಿಗೆ 15 ಗಂಟೆ ಹತ್ತಿರ ಬೇಕು. ಎಸ್‌ಎಂಆರ್ ಡಿಸ್ಕ್ ಹಾಕಿದ್ದರೆ ದಿನಗಟ್ಟಲೆ, ಏಕೆಂದರೆ ಅದರಲ್ಲಿ ಜಾಡುಗಳು ಹಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕೊಳ್ಳುವಾಗಲೇ ಸಿಎಂಆರ್ (ಜಾಡುಗಳು ಬೇರೆಬೇರೆ ಇರುವ ಬಗೆ) ಅಂತ ನೋಡಿಕೊಳ್ಳಿ. ಮರುತುಂಬುವಾಗ ಕರೆಂಟು ಹೋದರೆ ಆಮೇಲೆ ಮುಂದುವರಿಯುತ್ತದೆ. ಯಾರಾದರೂ ಇನ್ನೊಂದು ಡಿಸ್ಕ್ ಎಳೆಯುವುದೇ ಅಪಾಯ.

> ಕಾದ ಬದಲಿ

ಪದ ಚೆನ್ನಾಗಿದೆ, ಆದರೆ ವಸ್ತುವೇ ಬೇಡ. ಏಳರ ಜಡ್-2 ಜೊತೆಗೆ ಒಂದು ಬದಲಿ ಇಟ್ಟರೆ ಕೈಗೆ ಸಿಗುವುದು ಐದು ಡಿಸ್ಕಿನ ಜಾಗ, 40 ಟೆರಾಬೈಟ್. ಎಂಟನ್ನೂ ಸೇರಿಸಿ, ಮೂರು ಹೋದರೂ ತಾಳುವ ಜಡ್-3 ಮಾಡಿದರೂ ಅದೇ 40. ಮೊದಲನೆಯದರಲ್ಲಿ ಬದಲಿ ಡಿಸ್ಕ್ ಖಾಲಿ ತಿರುಗುತ್ತ ಕೂತು, ಒಂದು ಹೋದ ಮೇಲೆ 15 ಗಂಟೆ ತುಂಬಿಸಿಕೊಳ್ಳಬೇಕು. ಎರಡನೆಯದರಲ್ಲಿ ಕಾವಲು ಮೊದಲೇ ಕೂತಿರುತ್ತದೆ. ಒಂದೇ ಗುಂಪಿರುವ ಮನೆಯ ಪೆಟ್ಟಿಗೆಗೆ ಹಾಟ್ ಸ್ಪೇರ್ ದಂಡ. ಚೀಟಿಯಿಂದ ಒಂದು ಪದ ಕಡಿಮೆಯಾಯಿತು.

----

ಕೇಳಿದವನು ನಾನೇ. ಜಡ್-3 ಮಾತು ಸರಿ, ಅಧ್ಯಾಯ ತಿದ್ದುತ್ತೇನೆ. ‘ಗೂಡು’ ಹಿಡಿಸಿತು. ಖಾನೆಯವರು ಬೇಸರಿಸಬೇಡಿ, ಮೇಜಿನ ಖಾನೆಯೇ ಈಚೆ ಬರುವ ವಸ್ತು, ಇಲ್ಲಿ ಈಚೆ ಬರುವುದು ಡಿಸ್ಕ್ ಹೊತ್ತ ಟ್ರೇ. ‘ಖಾನೆ ಎಳೆಯಿರಿ’ ಅಂದರೆ ಟ್ರೇಯೋ ಜಾಗವೋ ಅನ್ನುವ ಗೊಂದಲ ಉಳಿಯುತ್ತದೆ. ಗೂಡನ್ನು ಯಾರೂ ಎಳೆಯುವುದಿಲ್ಲ.

ಮೊದಲ ಸಾಲು ‘ಕೆಂಪು ದೀಪ ಉರಿಯುವ ಗೂಡಿನ ಡಿಸ್ಕ್ ತೆಗೆಯಿರಿ’ ಅಂತ ಇಡಲೇ? ಒಂದು ಅಧ್ಯಾಯದ ಹೆಸರೂ ಬಾಕಿ: ಸ್ಟ್ಯಾಗರ್ಡ್ ಸ್ಪಿನ್-ಅಪ್ (ಡಿಸ್ಕುಗಳನ್ನು ಒಟ್ಟಿಗಲ್ಲದೆ ಒಂದಾದ ಮೇಲೊಂದು ತಿರುಗಿಸತೊಡಗುವುದು).

----

ಕೆಂಪು ದೀಪವನ್ನು ನಂಬಬೇಡಿ. ಗೂಡುಗಳ ಹಿಂದೆ ಡಿಸ್ಕುಗಳು ಸಿಕ್ಕಿಕೊಳ್ಳುವ ಅಗ್ಗದ ಬ್ಯಾಕ್‌ಪ್ಲೇನ್‌ಗಳಲ್ಲಿ ಆ ದೀಪಕ್ಕೆ ತಂತಿಯೇ ಬಂದಿರುವುದಿಲ್ಲ, ಓದು-ಬರಹಕ್ಕೆ ಮಿನುಗುವ ದೀಪ ಮಾತ್ರ ಇರುತ್ತದೆ. ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಯಂತ್ರ ಡಿಸ್ಕುಗಳಿಗೆ ಇಡುವ ಹೆಸರುಗಳೂ ಬೇಡ, ಒಂದು ರೀಬೂಟಿಗೆ ಅದಲುಬದಲಾಗಬಹುದು. ಉಳಿಯುವುದು ಸೀರಿಯಲ್ ನಂಬರ್ ಒಂದೇ. ಅದರ ಕೊನೆಯ ನಾಲ್ಕಕ್ಷರವನ್ನು ಪ್ರತಿ ಟ್ರೇ ಮುಂದೆ ಅಂಟಿಸಿ. ಪೂಲ್ ಕಟ್ಟುವಾಗಲೂ ‘ಬೈ-ಐಡಿ’ ದಾರಿಯಲ್ಲೇ (ಸೀರಿಯಲ್ ಸೇರಿದ ಹೆಸರಿನಲ್ಲಿ) ಡಿಸ್ಕ್ ಕೊಟ್ಟರೆ ಸ್ಥಿತಿ ಕೇಳಿದಾಗ ಅದೇ ನಂಬರ್ ತೆರೆಯ ಮೇಲೆ ಬರುತ್ತದೆ. ಗೂಡಿನ ಎಣಿಕೆಯನ್ನು ಒಂದರಿಂದಲೇ ಶುರುಮಾಡಿ. ಕಂಟ್ರೋಲರ್ ಕಾರ್ಡು ಸೊನ್ನೆಯಿಂದ ಎಣಿಸುತ್ತದೆ, ‘ಮೂರನೆಯದು’ ಅಂದಾಗ ಒಂದು ಪಕ್ಕಕ್ಕೆ ಜಾರುವುದು ಇಲ್ಲೇ.

ಅಧ್ಯಾಯಕ್ಕೆ ‘ಸರದಿಯಲ್ಲಿ ಎಬ್ಬಿಸುವುದು’. ಏಳುವಾಗ ಒಂದೊಂದು ಡಿಸ್ಕೂ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟೂ ಒಟ್ಟಿಗೆ ಎದ್ದರೆ 16 ಆಂಪಿಯರ್, 190 ವ್ಯಾಟಿನ ಮೇಲೆ. ತಿರುಗತೊಡಗಿದ ಮೇಲೆ ಒಂದಕ್ಕೆ 5ರಿಂದ 8 ವ್ಯಾಟ್ ಸಾಕು. ಹಾಗಾಗಿ ಸಣ್ಣ ಪವರ್ ಸಪ್ಲೈ ದಿನವಿಡೀ ಚೆನ್ನಾಗಿ ನಡೆದು, ಆನ್ ಮಾಡಿದ ಮೊದಲ ಹತ್ತು ಸೆಕೆಂಡಿನಲ್ಲಿ ಮಾತ್ರ ಕೈಕೊಡುತ್ತದೆ. ಒಂದೆರಡು ಡಿಸ್ಕ್ ಟಕ್ ಟಕ್ ಅಂದು ಮಾಯ, ಜನ ಡಿಸ್ಕೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಪಿನ್ನಿಗೆ 1.5 ಆಂಪಿಯರ್, ಒಟ್ಟು 4.5. ಒಂದು ಕನೆಕ್ಟರನ್ನು ಎರಡಕ್ಕಿಂತ ಹೆಚ್ಚು ಡಿಸ್ಕಿಗೆ ಸೀಳಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿ.

----

ಅಚ್ಚಿಗೆ ಹೋಗುತ್ತಿರುವುದು:

ಗೂಡುಗಳ ಎಣಿಕೆ: ಮೇಲೆ ಎಡದಿಂದ 1–4, ಕೆಳಗೆ 5–8.
ತೆರೆಯ ಮೇಲೆ ಕೆಟ್ಟಿದೆ ಎಂದು ಕಾಣುವ ಸೀರಿಯಲ್ಲಿನ ಕೊನೆಯ ನಾಲ್ಕಕ್ಷರ ಯಾವ ಟ್ರೇ ಮೇಲಿದೆಯೋ ಆ ಡಿಸ್ಕ್ ಮಾತ್ರ ತೆಗೆಯಿರಿ.
ಯಂತ್ರ ಆಫ್ ಮಾಡಬೇಕಿಲ್ಲ. 2 ಸೆಂ.ಮೀ. ಎಳೆದು, ಅರ್ಧ ನಿಮಿಷ ಬಿಟ್ಟು, ಹೊರತೆಗೆಯಿರಿ.
ಹೊಸ ಡಿಸ್ಕ್ ಮರುತುಂಬಲು ಒಂದು ದಿನ ಹಿಡಿಯಬಹುದು. ಅಲ್ಲಿಯವರೆಗೆ ಬೇರೆ ಗೂಡು ಮುಟ್ಟಬೇಡಿ.

----

‘ಸೀರಿಯಲ್’ ಉಳಿದುಹೋಯಿತಲ್ಲ. ‘ಸಾಲೆಣಿಕೆ’ ಅನ್ನಬಹುದಿತ್ತು.

----

ಡಿಸ್ಕ್ ತಯಾರಿಸುವವರಿಗೆ ಬರೆಯಿರಿ. ಅವರು ಡಿಸ್ಕಿನ ಮೇಲೆ ಸಾಲೆಣಿಕೆ ಅಂತ ಅಚ್ಚು ಹಾಕಿದ ದಿನ ಚೀಟಿ ಬದಲಿಸೋಣ.