ಸಮಸ್ಯೆ: ‘ಅಮ್ಮ ಎಂದುದಕೇಟು ಬಿದ್ದುದ ಮರೆಯಲಾರೆನು ನಾ’

ಹಳೇಬೇರು:
ಈ ವಾರ ಸಮಸ್ಯೆ ಕೊಡುವ ಸರದಿ ನನ್ನದು. ಭಾಮಿನಿ ಷಟ್ಪದಿಯಲ್ಲೇ ಇರಲಿ. ಕೊನೆಯ ಸಾಲು ಮೇಲಿದೆ, ಮೊದಲ ಐದು ಸಾಲು ಕಟ್ಟಿ ಪೂರಣ ಮಾಡಿ.
ಹೋದ ತಿಂಗಳು ಅಮ್ಮ ತೀರಿಕೊಂಡರು. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವರು. ಸಮಾಧಾನದ ಮಾತು ಸಾಕಷ್ಟು ಕೇಳಿದ್ದೇನೆ, ಇಲ್ಲಿ ಬೇಡ. ಪದ್ಯ ಬರಲಿ.

ಬೆಣ್ಣೆದೋಸೆ:
ಬೇಡ ಅಂದಿದ್ದೀರಲ್ಲ, ಹಾಗಾಗಿ ಧೈರ್ಯ ಮಾಡಿ ತಮಾಷೆಯದ್ದೇ ಹಾಕುತ್ತೇನೆ.

ಎಮ್ಮೆ ಕರೆಯುವ ಹೊತ್ತು ಕೊಟ್ಟಿಗೆ
ಗೊಮ್ಮೆ ಬಂದೆನು ಹಸಿದ ಕರು ನಾ
ಕಮ್ಮನಿಹ ನೊರೆಹಾಲ ಕಂಡೊಡೆ ಹಗ್ಗ ಹರಿದೆನಲಾ
ಹಿಮ್ಮಡಿಯ ಮೇಲೊಂದು ಬಾರಿಸಿ
ತಮ್ಮ ಚೊಂಬನೆ ತುಂಬಿಕೊಂಡರು
ಅಮ್ಮ ಎಂದುದಕೇಟು ಬಿದ್ದುದ ಮರೆಯಲಾರೆನು ನಾ

ತುಂಗೆಯಾಚೆ:
ಕರುವಿಗೆ ಹಿಮ್ಮಡಿ ಎಲ್ಲಿಂದ ಬಂತು ಮಾರಾಯರೇ? ಗೊರಸು ಅಲ್ವಾ?

ಬೆಣ್ಣೆದೋಸೆ:
‘ಮ್ಮ’ ಪ್ರಾಸಕ್ಕೆ ಸಿಕ್ಕಿಕೊಂಡ ಕರುವಿಗೆ ಹಿಮ್ಮಡಿ ತಾನಾಗಿ ಮೂಡುತ್ತದೆ.

ಗದಗಿನವ:
ಎಮ್ಮಿ ಕರು ‘ಅಮ್ಮ’ ಅನ್ನೂದಿಲ್ರೀ. ಅದು ಆಕಳ ಕರು. ನಮ್ಮ ಮನೆಯಲ್ಲಿ ಎರಡೂ ಇದ್ದವು, ಕೇಳಿ ಹೇಳುತ್ತಿದ್ದೇನೆ.

ಮಾತ್ರೆಮೇಷ್ಟ್ರು:
ಕರು ಬಿಡಿ. ಸಮಸ್ಯೆಯಲ್ಲೇ ಸಮಸ್ಯೆ ಇದೆ. ‘ಅಮ್ಮ ಎಂದುದಕೆ’ ವಿಸಂಧಿ, ಸಂಧಿ ಆಗಬೇಕಾದಲ್ಲಿ ಆಗಿಲ್ಲ. ಕೊಡುವ ಸಾಲಾದರೂ ಶುದ್ಧವಾಗಿರಬೇಡವೇ?

ತುಂಗೆಯಾಚೆ:
ಬಂದರು. ಕರೆಯುವಾಗ ಸಂಧಿ ಇಲ್ಲ, ಪ್ರಕೃತಿಭಾವ. ಹೈಸ್ಕೂಲ್ ವ್ಯಾಕರಣ ಸ್ವಾಮೀ. ‘ಅಣ್ಣಾ ಓಡಿ ಬಾ’ ಉದಾಹರಣೆ ಮರೆತಿರಾ?

ಮಾತ್ರೆಮೇಷ್ಟ್ರು:
ಮರೆತಿಲ್ಲ. ಅಲ್ಲಿ ‘ಅಣ್ಣಾ’, ಎಳೆದು ಕೂಗುವ ಸ್ವರ, ಪ್ಲುತ. ಇಲ್ಲಿ ಹ್ರಸ್ವ ‘ಅಮ್ಮ’. ಪ್ಲುತವಿಲ್ಲದೆ ಪ್ರಕೃತಿಭಾವದ ಹೆಸರು ಎತ್ತಬೇಡಿ. ಪ್ಲುತ ಇಟ್ಟರೆ ಸಾಲು ಉಳಿಯುವುದಿಲ್ಲ. ಎರಡೂ ಕಡೆ ಸಿಕ್ಕಿಬಿದ್ದಿದ್ದೀರಿ.

ತುಂಗೆಯಾಚೆ:
ಸರಿ, ನೀವೇ ಸಂಧಿ ಮಾಡಿ ತೋರಿಸಿ.

ಮಾತ್ರೆಮೇಷ್ಟ್ರು:
‘ಅಮ್ಮನೆಂದುದಕೇಟು’. ಮಾತ್ರೆಯೂ ಸರಿ, ಸಂಧಿಯೂ ಸರಿ.

ಹಳೇಬೇರು:
ಹಾಗೆ ಮಾಡಿದರೆ ಹೇಳಿದವರೇ ಅಮ್ಮ ಆಗಿಬಿಡುತ್ತಾರೆ ಮೇಷ್ಟ್ರೇ. ಅಮ್ಮನು ಎಂದುದಕ್ಕೆ ಏಟು! ನಮ್ಮನೆಯಲ್ಲಿ ಅದು ಸಾಧ್ಯವೇ ಇರಲಿಲ್ಲ. ಲೋಪ ಮಾಡಿ ‘ಅಮ್ಮೆಂದು’ ಅಂದರೆ ಸಾಲು ಕುಂಟುತ್ತದೆ. ಇದನ್ನೆಲ್ಲ ನೋಡಿಯೇ ಬಿಟ್ಟದ್ದು.

ಹೊಸಗರಿ:
ನನ್ನದು ಮೊದಲ ಪ್ರಯತ್ನ. ಒಂದೇ ಸಾಲು ಆಗಿದೆ, ದಾರಿ ಸರಿಯಿದೆಯಾ ನೋಡಿ:
ಅಮೃತದಂತಹ ದನಿಯಲೋದುವ

ಬೆಣ್ಣೆದೋಸೆ:
ಅಮೃತವೇ, ಆದರೆ ಪ್ರಾಸಕ್ಕೆ ವಿಷ. ಸಾಲಿನ ಎರಡನೇ ಅಕ್ಷರ ‘ಮ್ಮ’ದ್ದಾಗಬೇಕು. ‘ಹೊಮ್ಮುವಮೃತದ ದನಿಯಲೋದುವ’ ಅನ್ನಿ, ಬದುಕಿಕೊಳ್ಳುತ್ತದೆ.

ಹೊಸಗರಿ:
ಅಯ್ಯೋ ಹೌದು. ಥ್ಯಾಂಕ್ಸ್.

ತುಂಗೆಯಾಚೆ:
ಮೇಷ್ಟ್ರು ಹೊಸಬರ ಮೇಲೆ ಬೀಳುವ ಮೊದಲು ನನ್ನದು ತೆಗೆದುಕೊಳ್ಳಿ.

ನಮ್ಮ ಮನೆಯಲಿ ತಾಯಿ, ಶಾಲೆಯ
ಗುಮ್ಮನಂತಹ ಟೀಚರಾಕೆಯೆ
ಸುಮ್ಮನಿರದೆಯೆ ಮೊದಲ ಬೆಂಚಲಿ ಹಸಿದು ಕೂಗಿರಲು
ಝುಮ್ಮೆನುತ ಬಡಿದಿತ್ತು ಬೆತ್ತವು
ಗಮ್ಮತೆನುತಲಿ ನಕ್ಕರೆಲ್ಲರು
ಅಮ್ಮ ಎಂದುದಕೇಟು ಬಿದ್ದುದ ಮರೆಯಲಾರೆನು ನಾ

ಗದಗಿನವ:
ಭಾಳ ಚೊಲೊ.

ಮಾತ್ರೆಮೇಷ್ಟ್ರು:
‘ಟೀಚರಾಕೆ’? ಇಂಗ್ಲಿಷಿಗೆ ಕನ್ನಡ ಸರ್ವನಾಮ ಹೊಲಿದದ್ದು ಎದ್ದು ಕಾಣುತ್ತದೆ.

ತುಂಗೆಯಾಚೆ:
ಹೋದ ದಸರಾದಲ್ಲಿ ನನ್ನ ‘ಹೂರಾಶಿ’ಯನ್ನು ಕನ್ನಡ-ಸಂಸ್ಕೃತ ಬೆರಕೆ, ಅರಿಸಮಾಸ ಅಂತ ಮೂರು ದಿನ ಎಳೆದಿರಿ. ಇದು ಸಮಾಸವೇ ಅಲ್ಲ. ಟೀಚರ್, ಆಕೆಯೆ. ಎರಡು ಬೇರೆ ಪದ.

ಮಾತ್ರೆಮೇಷ್ಟ್ರು:
ಹೂರಾಶಿ ಈಗಲೂ ಅರಿಸಮಾಸವೇ. ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬೆರೆಸಿದ ಹಾಗೆ ಅಂತ ಕವಿರಾಜಮಾರ್ಗದಲ್ಲೇ ಬೈದಾಗಿದೆ. ವ್ಯಾಕರಣಕಾರ ಕೇಶಿರಾಜನೂ ಬಿರುದಾವಳಿಗೆ ವಿನಾಯಿತಿ ಬಿಟ್ಟಿದ್ದಾನೆ, ನಿಮಗೆ ಬಿಟ್ಟಿಲ್ಲ.

ಬೆಣ್ಣೆದೋಸೆ:
ಕೇಶಿರಾಜ ಬಂದನಲ್ಲ, ಇನ್ನು ಈ ಹಾಲು ಒಡೆದ ಹಾಗೇ. ನಾನು ಕಾಫಿಗೆ ಹೋಗಿ ಬರುತ್ತೇನೆ.

ಹಳೇಬೇರು:
ಕೇಶಿರಾಜನ ಮೇಲೆ ನಮ್ಮಮ್ಮನಿಗೆ ಒಂದು ತಕರಾರಿತ್ತು. ಶಬ್ದಮಣಿದರ್ಪಣದಲ್ಲಿ ತನ್ನ ಪರಿಚಯ ಹೇಳಿಕೊಳ್ಳುವಾಗ ಸುಮನೋಬಾಣನ ಮೊಮ್ಮಗ, ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ ಅನ್ನುತ್ತಾನೆ. ತಾತ ಇದ್ದಾರೆ, ಅಪ್ಪ ಇದ್ದಾರೆ, ಮಾವ ಇದ್ದಾರೆ. ‘ಈ ತಾತನಿಗೂ ಮಾವನಿಗೂ ಇವನನ್ನು ಗಂಟು ಹಾಕಿದವಳು ಯಾರು? ಅವಳ ಹೆಸರು ಬರೆಯಲು ಒಂದು ಗಣ ಉಳಿದಿರಲಿಲ್ಲವಾ?’ ಅಂತ ಪಾಠದ ನಡುವೆ ಕೇಳುತ್ತಿದ್ದರು.

ಗದಗಿನವ:
ಈ ಮಾತು ನಾನು ಬರೆದಿಟ್ಟುಕೊಂಡೆ.

ಹಳೇಬೇರು:
ತುಂಗೆಯಾಚೆಯವರ ಊಹೆ ಸರಿ. ಘಟನೆ ಶಾಲೆಯದೇ. ಆದರೆ ಹಸಿವಲ್ಲ, ಬಳಪ. ಅಮ್ಮ ಕುಮಾರವ್ಯಾಸನ ಪೀಠಿಕೆ ಮಾಡುತ್ತಿದ್ದರು. ಪುಸ್ತಕ ಮುಚ್ಚಿಟ್ಟು ರಾಗವಾಗಿ ಓದುವುದು ಅವರ ಕ್ರಮ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಅಂತ ಅವನು ಹೆಮ್ಮೆ ಪಡುತ್ತಾನಲ್ಲ, ಆ ಪದ್ಯ. ಓದಿ ಮುಗಿಸಿ ಬೋರ್ಡಿನ ಕಡೆ ತಿರುಗಿದರು. ಬಳಪ ಇಲ್ಲ. ‘ಅವನಿಗೆ ಬೇಕಿರಲಿಲ್ಲ, ನನಗೆ ಬೇಕು. ಯಾರು ತೆಗೆದಿರಿ?’ ಎಲ್ಲರೂ ಗಪ್‌ಚಿಪ್. ನಾನು ಎರಡನೇ ಬೆಂಚಿನಿಂದ ಕೂಗಿದೆ: ‘ಅಮ್ಮಾ, ನಿನ್ನ ಕಿವಿ ಮೇಲಿದೆ!’
ಕ್ಲಾಸು ಗೊಳ್ಳೆಂದಿತು. ಅಂಗೈಗೆ ಒಂದು ಬಿತ್ತು. ಬಳಪಕ್ಕಲ್ಲ, ‘ಅಮ್ಮಾ’ಕ್ಕೆ. ಸಂಜೆ ಅದೇ ಅಂಗೈಗೆ ಎರಡು ಕೋಡುಬಳೆ ಇಟ್ಟರು. ಆ ವಿಷಯ ಮಾತಾಡಲಿಲ್ಲ.

ಗದಗಿನವ:
ಪೂರಣಕ್ಕಿಂತ ಇದೇ ಚಲೊ ಅದ. ನಮ್ಮೂರ ವೀರನಾರಾಯಣ ಗುಡಿಗೆ ಬಂದಿದ್ದರಾ ಅವರು? ಕುಮಾರವ್ಯಾಸ ಒರಗಿ ಕೂತಿದ್ದ ಅನ್ನುವ ಕಂಬ ಇನ್ನೂ ತೋರಿಸುತ್ತಾರೆ.

ಹಳೇಬೇರು:
ಒಂದು ಸಲ ಬಂದಿದ್ದರು. ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಪದ್ಯ ಹೇಳುತ್ತಿದ್ದ ಅಂತ ಕಥೆ ಇದೆಯಲ್ಲ. ಕಂಬದ ಹತ್ತಿರ ನಿಂತು, ‘ನಾನೂ ಬಟ್ಟೆ ಒಗೆದು ಒಣಗಿಸುವವಳೇ, ನನಗೆ ಒಂದು ಷಟ್ಪದಿಯೂ ಬರಲಿಲ್ಲ ನೋಡು’ ಅಂದರು.

ಮಾತ್ರೆಮೇಷ್ಟ್ರು:
ಒಂದು ಪ್ರಶ್ನೆ. ನೀವು ಅಂದು ಕೂಗಿದ್ದು ದೀರ್ಘವಾಗಿ, ‘ಅಮ್ಮಾ’. ಈಗ ತಾನೇ ನೀವೇ ಹಾಗೆ ಬರೆದಿದ್ದೀರಿ. ಅಂದರೆ ಅದು ಪ್ಲುತ. ಸಮಸ್ಯೆಯ ಸಾಲಿನಲ್ಲಿ ಮೊಟಕು ಮಾಡಿದ್ದೀರಿ. ನನ್ನ ಆಕ್ಷೇಪ ನಿಂತಿತು.

ತುಂಗೆಯಾಚೆ:
ಇಷ್ಟೆಲ್ಲ ಕೇಳಿದ ಮೇಲೂ?

ಹಳೇಬೇರು:
ಬಿಡಿ ತುಂಗೆ, ಕೇಳಲಿ. ಅಮ್ಮ ಇದ್ದಿದ್ದರೆ ಮೇಷ್ಟ್ರ ಕಡೆಗೇ ನಿಲ್ಲುತ್ತಿದ್ದರೋ ಏನೋ. ಆದರೆ ಸ್ವರ ಎಳೆಯುವುದು ಕಾವ್ಯವನ್ನು ರಾಗವಾಗಿ ಓದುವ ಗಮಕಿಯ ಕೆಲಸ, ಬರೆಯುವವನದಲ್ಲ ಅಂತಲೂ ಅವರೇ ಹೇಳುತ್ತಿದ್ದರು. ಹಾಗಾಗಿ ನಾನು ಒಪ್ಪುವುದಿಲ್ಲ.

ಬೆಣ್ಣೆದೋಸೆ:
ಕಾಫಿ ಮುಗಿಯಿತು. ಇನ್ನೂ ಅಲ್ಲೇ ಇದ್ದೀರಾ? ಮೇಷ್ಟ್ರೇ, ಬರೀ ತಪ್ಪು ಹುಡುಕುತ್ತೀರಿ. ನಿಮ್ಮ ಪೂರಣ ಎಲ್ಲಿ?

ಮಾತ್ರೆಮೇಷ್ಟ್ರು:

ಕೆಮ್ಮು ಕೇಳದ ಮನೆಯ ಬಾಗಿಲ
ನೊಮ್ಮೆ ತೆರೆದೆನು ಸಂಜೆವೊತ್ತಲಿ
ಸುಮ್ಮನಿದ್ದವು ಮೇಜ ಮೇಲಿನ ಬಳಪ, ಕನ್ನಡಕ
ಬಿಮ್ಮನೆಯೆ ನಿಂತಿತ್ತು ಮೌನವು
ಚಿಮ್ಮಿ ಬಂದಿತು ಹಳೆಯ ರೂಢಿಗೆ
ಅಮ್ಮ ಎಂದುದಕೇಟು ಬಿದ್ದುದ ಮರೆಯಲಾರೆನು ನಾ

ಗದಗಿನವ:
🙏

ಹೊಸಗರಿ:
ಸರ್…

ತುಂಗೆಯಾಚೆ:
ಚೆನ್ನಾಗಿದೆ. ವಿಸಂಧಿ ಹಾಗೇ ಇಟ್ಟಿದ್ದೀರಲ್ಲ?

ಮಾತ್ರೆಮೇಷ್ಟ್ರು:
ಕೊಟ್ಟ ಸಾಲು ತಿದ್ದುವ ಅಭ್ಯಾಸ ನನಗಿಲ್ಲ.

ಬೆಣ್ಣೆದೋಸೆ:
ಮಧ್ಯಾಹ್ನ ತಿದ್ದಿದವರು ಯಾರು ಹಾಗಾದರೆ? ಇರಲಿ, ಮುಂದಿನ ವಾರ ಯಾರ ಸರದಿ? ಪ್ರಾಸ ಸ್ವಲ್ಪ ಸುಲಭದ್ದು ಕೊಡಿ, ಎಮ್ಮೆ ಖಾಲಿಯಾಯಿತು.

ಹಳೇಬೇರು:
ಮೇಷ್ಟ್ರೇ, ಕನ್ನಡಕ ಇನ್ನೂ ಮೇಜಿನ ಮೇಲೇ ಇದೆ. ನಿಮಗೆ ಹೇಗೆ ಗೊತ್ತಾಯಿತು?

ಮಾತ್ರೆಮೇಷ್ಟ್ರು:
ನಮ್ಮನೆಯಲ್ಲೂ ಇದೆ, ಹನ್ನೊಂದು ವರ್ಷದಿಂದ. ವಿಸಂಧಿ ಮಾತ್ರ ವಿಸಂಧಿಯೇ.